ಮೊದಲ ತಪ್ಪಿಗೆ ಕಾಯಿದೆಯ ಕ್ಷಮೆ

ಬೆಳಗಾವಿ ಜಿಲ್ಲೆಯ ಗಡಿಭಾಗದಲ್ಲಿ ದೂಧಗಂಗೆ, ವೇದಗಂಗೆಗಳೆಂಬ ಎರಡು ಹೊಳೆಗಳ ನಡುವೆ ಭೋಜವೆಂಬ ಗ್ರಾಮವಿರುತ್ತದೆ. ಹಿಂದೆ ಚಿಕ್ಕೋಡಿ ತಾಲೂಕಿಗೆ ಸೇರಿದ್ದ ಈ ಊರು ಈಗ ನಿಪ್ಪಾಣಿ ತಾಲೂಕಿನಲ್ಲಿದೆ. ಮಳೆಗಾಲದಲ್ಲಿ ಹೊಳೆಗಳು ತುಂಬಿ ಬಂದಾಗ ಕಾರದಗಾ-ಭೋಜ ಸೇತುವೆಯೂ ಭೋಜವಾಡಿ-ಕುನ್ನೂರ ಸೇತುವೆಯೂ ನೀರಿನಲ್ಲಿ ಮುಳುಗಿದುವೆಂಬ ಸುದ್ದಿಯನ್ನು ನಾವು ವೃತ್ತಪತ್ರಗಳಲ್ಲಿ ಮೇಲಿಂದಮೇಲೆ ಓದುತ್ತೇವೆ. ಕನ್ನಡ ಮರಾಠಿಗಳೆರಡೂ ಆಡುವ ಜನ; ಕಬ್ಬು ತಂಬಾಕು ಬೆಳೆಯುವ ಭೂಮಿ. ಇಂಥ ನೆಲದಲ್ಲಿ ಒಂದು ಗೇಣು ಭೂಮಿಯೂ ಚಿನ್ನದ ಬೆಲೆಯುಳ್ಳದ್ದು. ಆದುದರಿಂದಲೇ ಬದುವಿನ ಜಗಳ, ನೀರಿನ ಪಾಳಿಯ ಜಗಳ, ದಾರಿಯ ಜಗಳಗಳು ಇಲ್ಲಿಯ ಒಕ್ಕಲು ಮಕ್ಕಳಿಗೆ ಅಪರೂಪವಾದುವಲ್ಲ. ಅವು ಎಲ್ಲ ಕೃಷಿಪ್ರಧಾನ ಊರುಗಳಲ್ಲಿಯೂ ಉಂಟು.

ಈ ಜಗಳಗಳು ಕಟ್ಟೆಯ ಮೇಲೆ ಹುಟ್ಟಿ ಕಟ್ಟೆಯ ಮೇಲೆಯೇ ಮುಗಿದರೆ ಚಿಂತೆಯಿಲ್ಲ. ಠಾಣೆಯ ಮೆಟ್ಟಿಲು ಏರಿ, ಅಲ್ಲಿಂದ ಕೋರ್ಟಿನ ಮೆಟ್ಟಿಲು ಏರಿದ ಮೇಲೆ ಮನೆತನಕ್ಕೆ ಯಾವ ಕಷ್ಟ ಬರುವದು, ಆ ಕಷ್ಟದಿಂದ ಪಾರಾಗಲು ಕಾಯಿದೆಯೇ ತೆರೆದಿಟ್ಟಿರುವ ಬಾಗಿಲುಗಳು ಯಾವುವು ಎಂಬುದನ್ನು ನಮ್ಮ ಗೃಹಸ್ಥ ವಾಚಕರ ಮುಂದೆ ಇಡುವದೇ ಈ ಲೇಖನದ ಉದ್ದೇಶ.

ಒಂದು ದೃಷ್ಟಾಂತ

ವಿಷಯವು ಸ್ಪಷ್ಟವಾಗಲೆಂದು ಒಂದು ಕಲ್ಪಿತ ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಭೋಜದಂಥ ಊರಿನಲ್ಲಿ ಇಪ್ಪತ್ತು ವರ್ಷದ ಒಬ್ಬ ತರುಣನಿದ್ದಾನೆ. ಕಾಲೇಜು ಓದಿ, ಬೆಳಿಗ್ಗೆ ಎದ್ದು ಓಟದ ಅಭ್ಯಾಸ ಮಾಡುತ್ತ, ಬೆಳಗಾವಿಯಲ್ಲಿ ಸೈನ್ಯದ ಭರತಿ ನಡೆಯುವ ದಿನವನ್ನು ಎದುರು ನೋಡುತ್ತಿದ್ದಾನೆ. ಒಂದು ರಾತ್ರಿ ಕಬ್ಬಿಗೆ ನೀರು ಹಾಯಿಸುವ ಪಾಳಿಯ ವಿಷಯದಲ್ಲಿ ನೆರೆಹೊಲದ ಕಾಕನೊಡನೆ ಮಾತಿಗೆ ಮಾತು ಬೆಳೆಯಿತು. ತರುಣನು ಕಾಕನನ್ನು ದಾರಿಯಲ್ಲಿ ಅಡ್ಡಗಟ್ಟಿದನು, ಬೈದನು, ಕಪಾಳಕ್ಕೆ ಒಂದು ಏಟು ಹಾಕಿದನು. ಕಾಕನು ಬೆಳಗಾಗುವದರೊಳಗೆ ಠಾಣೆಗೆ ಹೋಗಿ ಫಿರ್ಯಾದು ಕೊಟ್ಟನು. ಅಡ್ಡಗಟ್ಟಿದ್ದು, ಬೈದು ಅವಮಾನಿಸಿದ್ದು, ನೋವುಂಟುಮಾಡಿದ್ದು ಎಂದು ಮೂರು ಕಲಮುಗಳು ದಾಖಲಾದುವು. ಆರು ತಿಂಗಳಲ್ಲಿ ಸಮನ್ಸು ಬಂದಿತು.

ಕೋರ್ಟಿನ ಪಡಸಾಲೆಯಲ್ಲಿ ತಂದೆಯು ಮಗನ ಕಿವಿಯಲ್ಲಿ ಹೇಳುತ್ತಾನೆ: “ತಪ್ಪಾತ್ರೀ ಸಾಹೇಬರ ಅಂತ ಅಂದು ಬಿಡು. ಐನೂರೋ ಸಾವಿರವೋ ದಂಡ ಕಟ್ಟಿ ಮನೀಗೆ ಹೋಗೂಣು. ಹೊಲದಾಗ ಕೆಲಸ ಬಿದ್ದೈತಿ.” ತಂದೆಯ ಮಾತಿನಲ್ಲಿ ಕಪಟವಿಲ್ಲ, ಮಮತೆಯೇ ಇದೆ. ದಿನಗೂಲಿ, ಬಸ್ಸಿನ ಖರ್ಚು, ವಕೀಲರ ಫೀಜು ಇವೆಲ್ಲವನ್ನೂ ಎಣಿಸಿಯೇ ಅವನು ಹಾಗೆ ಹೇಳಿದನು. ಆದರೆ ಈ ಮಾತಿನಂತೆ ನಡೆದರೆ ಮಗನ ಹೆಸರಿನ ಮುಂದೆ ಆ ದಿನವೇ ‘ಅಪರಾಧಿ’ ಎಂಬ ನಿರ್ಣಯವು ಬರೆಯಲ್ಪಡುವದು. ದಂಡವು ಸಣ್ಣದಿರಬಹುದು, ಆದರೆ ದಂಡ ಕಟ್ಟಿದ ಪಾವತಿಯ ಹಿಂದೆ ದೋಷಸಿದ್ಧಿಯ ತೀರ್ಪು ಇದ್ದೇ ಇರುತ್ತದೆ. ಮುಂದೆ ನೌಕರಿಯ ಅರ್ಜಿಯಲ್ಲಿ “ನಿಮಗೆ ಎಂದಾದರೂ ನ್ಯಾಯಾಲಯದಲ್ಲಿ ಶಿಕ್ಷೆಯಾಗಿದೆಯೇ?” ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ಆ ಐನೂರು ರೂಪಾಯಿಯ ನಿಜವಾದ ಬೆಲೆ ತಿಳಿಯುವದು.

ಹಾಗಾದರೆ ಬೇರೆ ದಾರಿ ಇದೆಯೇ? ಇದೆ. ಒಂದಲ್ಲ, ಹಲವು ದಾರಿಗಳಿವೆ.

ಪರದೇಶದ ಪದ್ಧತಿ ಮತ್ತು ಅದರ ಮೂಲ

ಅಮೇರಿಕೆಯ ಅನೇಕ ಸಂಸ್ಥಾನಗಳಲ್ಲಿ ಸಣ್ಣ ಅಪರಾಧವನ್ನು ಮೊದಲ ಸಲ ಮಾಡಿದವನ ಖಟ್ಲೆಯನ್ನು ನಡುವೆಯೇ ತಡೆದು, ಅವನಿಗೆ ಉಪದೇಶ, ಸಮಾಜಸೇವೆ, ನಷ್ಟ ತುಂಬಿಕೊಡುವಿಕೆ ಮೊದಲಾದ ಕಟ್ಟಳೆಗಳನ್ನು ಹಾಕಿ, ಅವನು ಅವುಗಳನ್ನು ಪೂರೈಸಿದರೆ ಆರೋಪವನ್ನೇ ಕೈಬಿಡುವ ಏರ್ಪಾಡಿರುತ್ತದೆ. ಹರಿಯುವ ನೀರನ್ನು ಬೇರೊಂದು ಕಾಲುವೆಗೆ ತಿರುಗಿಸಿದಂತೆ ಖಟ್ಲೆಯನ್ನು ಶಿಕ್ಷೆಯ ಕಡೆಯಿಂದ ಸುಧಾರಣೆಯ ಕಡೆಗೆ ತಿರುಗಿಸುವದೆಂದು ಇದರ ಅರ್ಥ.

ಈ ವಿಚಾರದ ಬೇರನ್ನು ಹುಡುಕಿದರೆ ಬೋಸ್ಟನ್ ನಗರದ ಒಬ್ಬ ಚಮ್ಮಾರನ ಬಳಿಗೆ ನಾವು ಹೋಗಿ ಮುಟ್ಟುತ್ತೇವೆ. ಜಾನ್ ಆಗಸ್ಟಸ್ ಎಂಬ ಆ ಬೂಟು ಹೊಲಿಯುವ ಗೃಹಸ್ಥನು ೧೮೪೧ರ ಆಗಸ್ಟದಲ್ಲಿ ಪೋಲೀಸ ಕೋರ್ಟಿನಲ್ಲಿ ಕುಡುಕನೊಬ್ಬನನ್ನು ಕಂಡು, ಅವನಿಗೆ ತಾನೇ ಜಾಮೀನಾಗಿ ಬಿಡಿಸಿಕೊಂಡು ಹೋದನು. ಮೂರು ವಾರಗಳ ಮೇಲೆ ಅವನನ್ನು ಪುನಃ ಕೋರ್ಟಿಗೆ ಕರೆತಂದಾಗ ಗುರುತು ಸಿಕ್ಕದಷ್ಟು ಆ ಮನುಷ್ಯನು ತಿದ್ದಿಕೊಂಡಿದ್ದನು. ನ್ಯಾಯಾಧೀಶನು ಸೆರೆಮನೆಗೆ ಕಳಿಸುವ ಬದಲು ಒಂದು ಸೆಂಟು ದಂಡವನ್ನೂ ಖಟ್ಲೆಯ ಖರ್ಚನ್ನೂ ಮಾತ್ರ ವಿಧಿಸಿದನು. ೧೮೫೯ರಲ್ಲಿ ತೀರಿಕೊಳ್ಳುವ ವರೆಗೆ ಆಗಸ್ಟಸನು ಹೀಗೆ ಸುಮಾರು ಎರಡು ಸಾವಿರ ಜನರಿಗೆ ಜಾಮೀನಾದನು. ೧೮೭೮ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನವು ಈ ಕೆಲಸಕ್ಕಾಗಿ ಪಗಾರದ ಅಧಿಕಾರಿಗಳನ್ನು ನೇಮಿಸುವ ಕಾಯಿದೆ ಮಾಡಿತು. ಇಂಗ್ಲಂಡವು ೧೯೦೭ರಲ್ಲಿ ಅದೇ ಮಾರ್ಗವನ್ನು ಹಿಡಿಯಿತು.

ನಮ್ಮ ದೇಶದಲ್ಲಿ ೧೮೯೮ರ ಕ್ರಿಮಿನಲ್ ಪ್ರೊಸಿಜರ್ ಕೋಡಿನ ೫೬೨ನೆಯ ಕಲಮಿನಲ್ಲಿಯೇ ಮೊದಲ ಅಪರಾಧಿಯನ್ನು ಒಳ್ಳೆಯ ನಡತೆಯ ಮುಚ್ಚಳಿಕೆಯ ಮೇಲೆ ಬಿಡುವ ಅಧಿಕಾರವನ್ನು ಕೊಡಲಾಗಿತ್ತು. ಭೋಜವು ಆಗ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿತ್ತು. ಆ ಪ್ರಾಂತವು ೧೯೩೮ರಲ್ಲಿ ಇದಕ್ಕಾಗಿ ತನ್ನದೇ ಪ್ರತ್ಯೇಕ ಕಾಯಿದೆಯನ್ನು ಮಾಡಿಕೊಂಡಿತು. ೧೯೫೬ನೆಯ ನವೆಂಬರ ೧ಕ್ಕೆ ಬೆಳಗಾವಿಯು ಅಂದಿನ ಮೈಸೂರು ರಾಜ್ಯವನ್ನು ಸೇರಿತು. ೧೯೫೮ರಲ್ಲಿ ಪಾರ್ಲಿಮೆಂಟು ಇಡೀ ದೇಶಕ್ಕಾಗಿ ಅಪರಾಧಿಗಳ ಪರಿವೀಕ್ಷಣಾ ಕಾಯಿದೆಯನ್ನು ಅಂಗೀಕರಿಸಿತು. ವಕೀಲರು ಇದನ್ನು ‘ಪ್ರೊಬೇಶನ್ ಕಾಯಿದೆ’ ಎಂದು ಕರೆಯುವರು.

ಅಮೇರಿಕೆಯಲ್ಲಿರುವಂತೆ ಆರೋಪವನ್ನೇ ಕೈಬಿಡುವ ಒಂದೇ ಏರ್ಪಾಡು ನಮ್ಮಲ್ಲಿ ದೊಡ್ಡವರಿಗೆ ಇಲ್ಲ. ಆದರೆ ಬೇರೆ ಬೇರೆ ಕಾಯಿದೆಗಳಲ್ಲಿ ಹರಡಿರುವ ಹಲವು ಬಾಗಿಲುಗಳು ಕೂಡಿ ಬಹಳಮಟ್ಟಿಗೆ ಅದೇ ಕೆಲಸವನ್ನು ಮಾಡುತ್ತವೆ. ಅವುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯ ಬಾಗಿಲು: ರಾಜಿ

ಎಲ್ಲಕ್ಕಿಂತ ಉತ್ತಮವಾದುದು ಇದು. ೨೦೨೪ನೆಯ ಜುಲೈ ೧ರಿಂದ ಹಳೆಯ ಪೀನಲ್ ಕೋಡಿನ ಸ್ಥಾನದಲ್ಲಿ ಭಾರತೀಯ ನ್ಯಾಯ ಸಂಹಿತೆಯೂ, ಹಳೆಯ ಪ್ರೊಸಿಜರ್ ಕೋಡಿನ ಸ್ಥಾನದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯೂ ಜಾರಿಗೆ ಬಂದಿರುತ್ತವೆ. ಈ ಎರಡನೆಯ ಸಂಹಿತೆಯ ೩೫೯ನೆಯ ಕಲಮಿನಲ್ಲಿ ಯಾವ ಯಾವ ಅಪರಾಧಗಳನ್ನು ಯಾರು ರಾಜಿ ಮಾಡಿಕೊಳ್ಳಬಹುದೆಂಬ ಪಟ್ಟಿಯಿದೆ. ಸಾಧಾರಣ ನೋವುಂಟುಮಾಡಿದ್ದನ್ನು ನೋವುಂಡವನು, ಬೈದು ಅವಮಾನಿಸಿದ್ದನ್ನು ಅವಮಾನಿತನಾದವನು, ಅಡ್ಡಗಟ್ಟಿದ್ದನ್ನು ಅಡ್ಡಗಟ್ಟಲ್ಪಟ್ಟವನು, ಹೊಲದೊಳಗೆ ಅತಿಕ್ರಮಿಸಿ ನುಗ್ಗಿದ್ದನ್ನು ಹೊಲದ ಕಬ್ಜೆದಾರನು ರಾಜಿ ಮಾಡಿಕೊಳ್ಳಬಹುದು. ಇನ್ನು ಕೆಲವು ಅಪರಾಧಗಳಿಗೆ ಕೋರ್ಟಿನ ಅನುಮತಿ ಬೇಕು.

ಇಂಥ ರಾಜಿಯ ಪರಿಣಾಮವೇನೆಂಬುದನ್ನು ಕಾಯಿದೆಯು ಸ್ಪಷ್ಟವಾಗಿ ಹೇಳಿದೆ: ರಾಜಿಯಾದರೆ ಆರೋಪಿಯು ಖುಲಾಸೆಯಾದಂತೆ. ಖುಲಾಸೆಯೆಂದರೆ ದೋಷಸಿದ್ಧಿಯಿಲ್ಲ, ಶಿಕ್ಷೆಯಾಗಿದೆಯೇ ಎಂಬ ಪ್ರಶ್ನೆಗೆ ಇಲ್ಲವೆಂದು ನಿಸ್ಸಂಕೋಚವಾಗಿ ಬರೆಯಬಹುದು. ನಮ್ಮ ದೃಷ್ಟಾಂತದ ತರುಣನ ಮೇಲಿನ ಮೂರು ಕಲಮುಗಳೂ ಈ ಪಟ್ಟಿಯಲ್ಲಿವೆ. ಕಾಕನ ಮನಸ್ಸು ತಿರುಗಿದರೆ ಸಾಕು, ಖಟ್ಲೆಯು ಮುಗಿಯುವದು.

ಆದರೆ ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ನಿವಾರಿಸಬೇಕಾಗಿದೆ. ಊರ ಹಿರಿಯರು ಕಟ್ಟೆಯ ಮೇಲೆ ಕೂಡ್ರಿಸಿ, ಇಬ್ಬರಿಗೂ ಚಹ ಕುಡಿಸಿ, ಛಾಪಾ ಕಾಗದದ ಮೇಲೆ ಸಹಿ ಮಾಡಿಸಿದ ಮಾತ್ರಕ್ಕೆ ಕೋರ್ಟಿನಲ್ಲಿರುವ ಖಟ್ಲೆಯು ಮುಗಿಯುವದಿಲ್ಲ. ಇಬ್ಬರೂ ಮ್ಯಾಜಿಸ್ಟ್ರೇಟರ ಮುಂದೆ ನಿಂತು, ರಾಜಿಯ ಅರ್ಜಿಗೆ ಸಹಿ ಹಾಕಿ, ಯಾರ ಒತ್ತಾಯವೂ ಇಲ್ಲದೆ ಒಪ್ಪಿದ್ದೇವೆಂದು ಬಾಯಿಂದ ಹೇಳಿ, ಕೋರ್ಟು ಆಜ್ಞೆ ಬರೆದ ಮೇಲೆಯೇ ಅದು ಮುಗಿಯುವದು. ಎಷ್ಟೋ ಮನೆಗಳಲ್ಲಿ “ಅದು ಆಗಲೇ ಬಗೆಹರಿದು ಹೋಯಿತು” ಎಂದು ತಿಳಿದು ತಾರೀಖಿಗೆ ಹೋಗುವದನ್ನೇ ಬಿಡುತ್ತಾರೆ. ಅಷ್ಟರಲ್ಲಿ ವಾರಂಟು ಮನೆಯ ಬಾಗಿಲಿಗೆ ಬಂದಿರುತ್ತದೆ.

ಎರಡನೆಯ ಮಾತು: ಕೈಯೆತ್ತುವದಕ್ಕೂ ಕುಡುಗೋಲು ಎತ್ತುವದಕ್ಕೂ ಬಹಳ ಅಂತರವಿದೆ. ಅಪಾಯಕರ ಆಯುಧದಿಂದ ಗಾಯ ಮಾಡಿದರೆ ಅದು ಹೆಚ್ಚಿನ ಅಪರಾಧ. ಕೆಳಗಿನ ಕೋರ್ಟಿನಲ್ಲಿ ರಾಜಿಗೆ ಅದು ಒಳಪಡುವದಿಲ್ಲ. ಆಗ ಹೈಕೋರ್ಟಿಗೆ ಮೊರೆಹೋಗಬೇಕಾಗುವದು. ಖಾಸಗಿ ಸ್ವರೂಪದ ಜಗಳಗಳಲ್ಲಿ ಉಭಯತರು ನಿಜವಾಗಿ ಒಂದಾಗಿದ್ದರೆ ಹೈಕೋರ್ಟು ಖಟ್ಲೆಯನ್ನು ರದ್ದುಪಡಿಸಬಹುದೆಂದೂ, ಕೊಲೆ, ಬಲಾತ್ಕಾರ, ದರೋಡೆಗಳಂಥ ಘೋರ ಅಪರಾಧಗಳಿಗೆ ಇದು ಸಲ್ಲದೆಂದೂ ಸುಪ್ರೀಂ ಕೋರ್ಟು ಜ್ಞಾನಸಿಂಗರ ಖಟ್ಲೆಯಲ್ಲಿ ೨೦೧೨ರಲ್ಲಿ ನಿರ್ಣಯಿಸಿದೆ. ನಮ್ಮ ಭಾಗದವರಿಗೆ ಇದಕ್ಕಾಗಿ ಬೆಂಗಳೂರಿಗೆ ಹೋಗುವ ಶ್ರಮವಿಲ್ಲ. ಧಾರವಾಡದಲ್ಲಿ ೨೦೦೮ರಿಂದ ಹೈಕೋರ್ಟಿನ ಪೀಠವಿದೆ, ೨೦೧೩ರಲ್ಲಿ ಅದು ಕಾಯಂ ಆಗಿದೆ.

ಎರಡನೆಯ ಬಾಗಿಲು: ಲೋಕ ಅದಾಲತ್ತು

೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ ಮೇರೆಗೆ ನಡೆಯುವ ಲೋಕ ಅದಾಲತ್ತು ರಾಜಿಯಾಗಬಲ್ಲ ಖಟ್ಲೆಗಳನ್ನು ಕೂಡಲೇ ಮುಗಿಸುವ ಸ್ಥಳ. ಅಲ್ಲಿ ಆದ ಒಪ್ಪಂದಕ್ಕೆ ಕೋರ್ಟಿನ ಹುಕುಮಿನ ಬಲವಿದ್ದು, ಅದರ ಮೇಲೆ ಅಪೀಲಿಲ್ಲ. ಇದೇ ಕಾಯಿದೆಯ ಮೇರೆಗೆ ಸ್ತ್ರೀಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡಗಳವರು, ಅಂಗವಿಕಲರು, ಬಂಧನದಲ್ಲಿರುವವರು ಮತ್ತು ಕಡಿಮೆ ಉತ್ಪನ್ನದವರು ಬಿಟ್ಟಿ ವಕೀಲರನ್ನು ಪಡೆಯಬಹುದು. ತಾಲೂಕಾ ಸ್ಥಳದ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬೇಕು. ೧೫೧೦೦ ಎಂಬ ದೂರವಾಣಿ ಸಂಖ್ಯೆಯಲ್ಲಿಯೂ ಕೇಳಬಹುದು.

ಆದರೂ ಒಂದು ಎಚ್ಚರಿಕೆ. ಅದಾಲತ್ತಿನ ದಿನ ಗದ್ದಲ ಬಹಳ. ಕಾಗದಗಳು ಬೇಗ ಬೇಗ ಸಾಗುತ್ತವೆ. ಸಹಿ ಹಾಕುವ ಮುಂಚೆ “ಇದು ರಾಜಿಯೋ, ತಪ್ಪೊಪ್ಪಿಗೆಯೋ?” ಎಂದು ಒಂದೇ ಒಂದು ಪ್ರಶ್ನೆಯನ್ನು ವಕೀಲರಿಗೆ ಕೇಳಿರಿ. ರಾಜಿಯಾದರೆ ಖುಲಾಸೆ, ತಪ್ಪೊಪ್ಪಿ ದಂಡ ಕಟ್ಟಿದರೆ ದೋಷಸಿದ್ಧಿ. ಎರಡೂ ಒಂದೇ ದಿನ ಮುಗಿದರೂ ಫಲವು ಹಗಲಿರುಳಿನಷ್ಟು ಬೇರೆ.

ಮೂರನೆಯ ಬಾಗಿಲು: ತಾಕೀತು ಮತ್ತು ಮುಚ್ಚಳಿಕೆ

ಎದುರಾಳಿಯು ರಾಜಿಗೆ ಒಪ್ಪದಿದ್ದರೆ, ಅಥವಾ ರಾಜಿಯಾಗಲು ಎದುರಾಳಿಯೇ ಇಲ್ಲದಿದ್ದರೆ ಗತಿಯೇನು? ಉದಾಹರಣೆಗೆ, ದೀಪಾವಳಿಯಲ್ಲಿ ಹಣ ಹಚ್ಚಿ ಇಸ್ಪೀಟಾಡಿ ಸಿಕ್ಕವನಿಗೆ ಸರಕಾರವೇ ಎದುರಾಳಿ. ಅವನು ಯಾರೊಡನೆ ರಾಜಿಯಾಗಬೇಕು? ಇಂಥಲ್ಲಿ ೧೯೫೮ರ ಪ್ರೊಬೇಶನ್ ಕಾಯಿದೆಯು ನೆರವಿಗೆ ಬರುವದು.

ಅದರ ೩ನೆಯ ಕಲಮಿನ ಮೇರೆಗೆ ಕಳವು, ವಂಚನೆ ಮೊದಲಾದ ಕೆಲವು ಅಪರಾಧಗಳಲ್ಲಿ, ಅಥವಾ ಎರಡು ವರ್ಷಗಳಿಗೆ ಮೀರದ ಸಜೆಯುಳ್ಳ ಯಾವದೇ ಅಪರಾಧದಲ್ಲಿ, ಹಿಂದೆ ಶಿಕ್ಷೆಯಾಗದ ಮನುಷ್ಯನನ್ನು ಕೋರ್ಟು ತಾಕೀತು ಮಾಡಿ ಬಿಟ್ಟುಬಿಡಬಹುದು. ೪ನೆಯ ಕಲಮು ಇನ್ನೂ ವಿಶಾಲವಾದುದು: ಮರಣದಂಡನೆ ಅಥವಾ ಜೀವಾವಧಿ ಸಜೆಯುಳ್ಳ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಮೂರು ವರ್ಷಗಳಿಗೆ ಮೀರದ ಅವಧಿಯ ವರೆಗೆ ಶಾಂತಿಯಿಂದಲೂ ಒಳ್ಳೆಯ ನಡತೆಯಿಂದಲೂ ಇರುವೆನೆಂದು ಮುಚ್ಚಳಿಕೆ ಬರೆಯಿಸಿಕೊಂಡು ಬಿಡಬಹುದು. ಅವಶ್ಯವೆಂದು ಕಂಡರೆ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಿಸಬಹುದು. ೫ನೆಯ ಕಲಮಿನಂತೆ ನೊಂದವನಿಗೆ ಪರಿಹಾರದ ಹಣವನ್ನೂ ಕೊಡಿಸಬಹುದು. ಅಂದರೆ ದಯೆಯು ತಪ್ಪು ಮಾಡಿದವನಿಗೆ ಮಾತ್ರವಲ್ಲ, ನ್ಯಾಯವು ನೊಂದವನಿಗೂ ಉಂಟು.

ತರುಣರ ವಿಷಯದಲ್ಲಿ ಕಾಯಿದೆಯು ಇನ್ನೂ ಮುಂದೆ ಹೋಗಿದೆ. ಇಪ್ಪತ್ತೊಂದು ವರ್ಷಗಳೊಳಗಿನವನನ್ನು ಸೆರೆಮನೆಗೆ ಕಳಿಸಬಾರದೆಂಬುದೇ ೬ನೆಯ ಕಲಮಿನ ಸಾಮಾನ್ಯ ನಿಯಮ; ಕಳಿಸಲೇಬೇಕೆಂದಾದರೆ ಕೋರ್ಟು ಪರಿವೀಕ್ಷಣಾಧಿಕಾರಿಯ ವರದಿಯನ್ನು ತರಿಸಿ ನೋಡಿ, ಕಾರಣಗಳನ್ನು ಬರೆದಿಡಬೇಕು. ೧೯೬೪ರಲ್ಲಿ ರತನಲಾಲನೆಂಬ ಹದಿನಾರು ವರ್ಷದ ಹುಡುಗನ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಈ ಕಾಯಿದೆಯ ಉಪಯೋಗವನ್ನು ಅಪೀಲಿನಲ್ಲಿಯೂ ಕೊಡಬಹುದೆಂದು ಹೇಳಿತು. ೧೯೭೨ರ ಇನ್ನೊಂದು ತೀರ್ಪಿನಲ್ಲಿ, ತರುಣರು ಪಳಗಿದ ಕೈದಿಗಳ ಸಹವಾಸದಿಂದ ತಾವೂ ಗಟ್ಟಿ ಅಪರಾಧಿಗಳಾಗದಂತೆ ತಡೆಯುವದೇ ಕಾಯಿದೆಯ ಉದ್ದೇಶವೆಂದು ವಿವರಿಸಿತು.

ಪರಿವೀಕ್ಷಣಾಧಿಕಾರಿಯೆಂದರೆ ಯಾರು? ಅವನು ಪೋಲೀಸನಲ್ಲ. ಮನೆಗೆ ಬಂದು, ಮನೆತನದ ಸ್ಥಿತಿ, ಹುಡುಗನ ವಿದ್ಯೆ, ದುಡಿಮೆ, ಗೆಳೆಯರು, ಚಟಗಳು ಇವನ್ನೆಲ್ಲ ವಿಚಾರಿಸಿ ಕೋರ್ಟಿಗೆ ವರದಿ ಬರೆಯುವದು ಅವನ ಕೆಲಸ. ಆ ವರದಿಯು ಗುಪ್ತವಾದುದು. ಅವನು ಬಾಗಿಲಿಗೆ ಬಂದಾಗ ಗೃಹಿಣಿಯರು ಹೆದರಿ ಒಳಗೆ ಹೋಗುವದಾಗಲಿ, “ನಮ್ಮ ಮಗ ದೇವರಂಥವನು” ಎಂದು ಉತ್ಪ್ರೇಕ್ಷೆ ಮಾಡುವದಾಗಲಿ ಸರಿಯಲ್ಲ. ಇದ್ದುದನ್ನು ಇದ್ದಂತೆ ಹೇಳಬೇಕು. ಮಗನ ತಪ್ಪನ್ನು ತಾಯಿಯೇ ಒಪ್ಪಿಕೊಂಡು, ಅವನನ್ನು ತಿದ್ದಲು ಮನೆಯವರು ಏನು ಮಾಡುತ್ತಿದ್ದಾರೆಂದು ಹೇಳಿದರೆ ಅದಕ್ಕಿಂತ ಒಳ್ಳೆಯ ಶಿಫಾರಸು ಬೇರೊಂದಿಲ್ಲ.

ಈ ಬಾಗಿಲಿಗೂ ಮಿತಿಗಳುಂಟು. ಇಲ್ಲಿ ಕೋರ್ಟು ಮೊದಲು ಅಪರಾಧವಾಯಿತೆಂದು ನಿರ್ಣಯಿಸಿ, ಆ ಮೇಲೆ ಶಿಕ್ಷೆಯ ಬದಲು ದಯೆಯನ್ನು ತೋರಿಸುವದು. ಆದುದರಿಂದ ಇದು ಖುಲಾಸೆಯಲ್ಲ. ದೋಷಸಿದ್ಧಿಗೆ ಕಾಯಿದೆಯು ಅಂಟಿಸುವ ಅನರ್ಹತೆಗಳು ಇಂಥವನಿಗೆ ತಗಲಬಾರದೆಂದು ೧೨ನೆಯ ಕಲಮು ಹೇಳುವದು ನಿಜ. ಆದರೆ ದೋಷಸಿದ್ಧಿಯೇ ಅಳಿಸಿಹೋಗುವದಿಲ್ಲವೆಂದೂ, ನೌಕರನ ಆ ನಡತೆಯ ಮೇಲೆ ಒಡೆಯನು ಕ್ರಮ ಕೈಕೊಳ್ಳಬಹುದೆಂದೂ ಸುಪ್ರೀಂ ಕೋರ್ಟು ೨೦೧೦ರಲ್ಲಿ ಸ್ಪಷ್ಟಪಡಿಸಿದೆ. ಮುಚ್ಚಳಿಕೆಯನ್ನು ಮುರಿದರೆ ಮೂಲ ಅಪರಾಧಕ್ಕೇ ಶಿಕ್ಷೆ ವಿಧಿಸಲು ಕೋರ್ಟಿಗೆ ಅಧಿಕಾರವಿದೆ. ತಾಕೀತಿನ ಬಿಡುಗಡೆಯು ಎರಡನೆಯ ಸಲ ಸಿಕ್ಕಲಾರದು. ಅಜಾಗರೂಕತೆಯಿಂದ ವಾಹನ ಓಡಿಸಿ ಜೀವಹಾನಿ ಮಾಡಿದವರಿಗೆ ಈ ದಯೆಯನ್ನು ತೋರಿಸಬಾರದೆಂದು ೨೦೦೦ದಲ್ಲಿಯೇ ಸುಪ್ರೀಂ ಕೋರ್ಟು ಎಚ್ಚರಿಸಿದೆ.

ಹೊಸ ಶಿಕ್ಷೆ: ಸಮುದಾಯ ಸೇವೆ

೨೦೨೩ರ ನ್ಯಾಯ ಸಂಹಿತೆಯು ಶಿಕ್ಷೆಗಳ ಪಟ್ಟಿಯಲ್ಲಿ ‘ಸಮುದಾಯ ಸೇವೆ’ ಎಂಬ ಹೊಸದೊಂದನ್ನು ಸೇರಿಸಿದೆ. ಸಮಾಜಕ್ಕೆ ಹಿತವಾಗುವ ಕೆಲಸವನ್ನು ಕೂಲಿಯಿಲ್ಲದೆ ಮಾಡುವದೆಂದು ಇದರ ಅರ್ಥ. ಐದು ಸಾವಿರ ರೂಪಾಯಿಗೆ ಕಡಿಮೆ ಬೆಲೆಯ ಸ್ವತ್ತಿನ ಕಳವಿನಲ್ಲಿ ಮೊದಲ ಸಲ ಅಪರಾಧಿಯಾದವನು ಸ್ವತ್ತನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂತಿರುಗಿಸಿದರೆ ಅವನಿಗೆ ಈ ಶಿಕ್ಷೆಯೇ ಆಗತಕ್ಕದ್ದು. ಕುಡಿದು ಸಾರ್ವಜನಿಕ ಸ್ಥಳದಲ್ಲಿ ದುರ್ವರ್ತನೆ ಮಾಡಿದವನಿಗೂ, ಮಾನಹಾನಿ ಮಾಡಿದವನಿಗೂ ಸಜೆ ಅಥವಾ ದಂಡದ ಬದಲು ಇದನ್ನು ವಿಧಿಸಬಹುದು. ಎಷ್ಟು ದಿನ, ಯಾವ ಕೆಲಸ ಎಂಬುದನ್ನು ಸಂಹಿತೆಯು ನಿಗದಿಪಡಿಸಿಲ್ಲ. ಅದು ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ವಿಷಯ. ಹಸಿವಿನ ಭರದಲ್ಲಿ ಕೈಚಾಚಿದವನನ್ನು ಸೆರೆಮನೆಗೆ ನೂಕುವದಕ್ಕಿಂತ ಆಸ್ಪತ್ರೆಯ ಅಂಗಳ ಗುಡಿಸಲು ಹಚ್ಚುವದು ಮೇಲೆಂದು ಯಾರು ತಾನೇ ಒಪ್ಪಲಿಕ್ಕಿಲ್ಲ? ಆದರೆ ಹೆಸರು ಸೇವೆಯೆಂದಿದ್ದರೂ ಇದೂ ಶಿಕ್ಷೆಯೇ, ಇದರ ಹಿಂದೆಯೂ ದೋಷಸಿದ್ಧಿಯಿದೆ ಎಂಬುದನ್ನು ವಾಚಕರು ಮರೆಯಬಾರದು. ಸ್ವತ್ತಿನ ಒಡೆಯನು ಒಪ್ಪುವದಾದರೆ ಇಲ್ಲಿಯೂ ರಾಜಿಯೇ ಮೊದಲ ಮಾರ್ಗ.

೨೦೦೬ರಿಂದ ಜಾರಿಯಲ್ಲಿರುವ ತಪ್ಪೊಪ್ಪಿಗೆಯ ಚೌಕಾಶಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಏಳು ವರ್ಷಗಳಿಗೆ ಮೀರದ ಸಜೆಯುಳ್ಳ ಅಪರಾಧಗಳಲ್ಲಿ ಆರೋಪಿಯು ತಾನಾಗಿ ಅರ್ಜಿ ಕೊಟ್ಟು, ನೊಂದವನಿಗೆ ಪರಿಹಾರ ಕೊಟ್ಟು, ಕಡಿಮೆ ಶಿಕ್ಷೆಯನ್ನು ಪಡೆಯುವ ವಿಧಾನವಿದು. ಸ್ತ್ರೀಯರ ಮತ್ತು ಚಿಕ್ಕ ಮಕ್ಕಳ ಮೇಲಿನ ಅಪರಾಧಗಳಿಗೆ ಇದು ಸಲ್ಲದು. ಹೊಸ ಸಂಹಿತೆಯಂತೆ ಆರೋಪ ಹೊರಿಸಿದ ಮೂವತ್ತು ದಿನಗಳೊಳಗೆ ಅರ್ಜಿ ಕೊಡಬೇಕು. ಇದರಿಂದ ಸಜೆಯ ಭಾರ ಇಳಿಯುವದು, ಕಲಂಕವು ಅಳಿಯಲಾರದು.

ಮಕ್ಕಳ ಮಾತು ಬೇರೆ

ಹದಿನೆಂಟು ವರ್ಷ ತುಂಬದವರಿಗೆ ೨೦೧೫ರ ಬಾಲನ್ಯಾಯ ಕಾಯಿದೆಯು ಬೇರೆಯೇ ದಾರಿಯನ್ನು ಹಾಕಿಕೊಟ್ಟಿದೆ. ಪ್ರತಿ ಜಿಲ್ಲೆಯಲ್ಲಿಯೂ ಬಾಲನ್ಯಾಯ ಮಂಡಳಿಯಿದ್ದು, ಮೂರು ವರ್ಷಗಳ ವರೆಗಿನ ಸಜೆಯುಳ್ಳ ಸಣ್ಣ ಅಪರಾಧಗಳನ್ನು ಅದು ಸಂಕ್ಷೇಪ ವಿಚಾರಣೆಯಿಂದ ಮುಗಿಸತಕ್ಕದ್ದು. ನಾಲ್ಕು ತಿಂಗಳು, ಹೆಚ್ಚೆಂದರೆ ಇನ್ನೆರಡು ತಿಂಗಳು ಕಳೆದರೂ ವಿಚಾರಣೆ ಮುಗಿಯದಿದ್ದರೆ ಇಂಥ ಸಣ್ಣ ಅಪರಾಧದ ಖಟ್ಲೆಯು ತಾನಾಗಿಯೇ ಕೊನೆಗೊಳ್ಳುವದು. ತಪ್ಪು ಸಿದ್ಧವಾದರೂ ಬುದ್ಧಿವಾದ, ಸಲಹೆ, ಸಮುದಾಯ ಸೇವೆ, ತಂದೆತಾಯಿಗಳ ಮೇಲೆ ದಂಡ, ಒಳ್ಳೆಯ ನಡತೆಯ ಪರೀಕ್ಷೆ ಮೊದಲಾದ ಮಾರ್ಗಗಳುಂಟು. ಅಂಥ ಬಾಲಕನಿಗೆ ಯಾವ ಅನರ್ಹತೆಯೂ ತಗಲದು; ಅಪೀಲಿನ ಅವಧಿ ಮುಗಿದ ಮೇಲೆ ಅವನ ದೋಷಸಿದ್ಧಿಯ ಕಾಗದಗಳನ್ನು ನಾಶಮಾಡಬೇಕೆಂದು ೨೪ನೆಯ ಕಲಮು ವಿಧಿಸಿದೆ. ಅಮೇರಿಕೆಯ ಪದ್ಧತಿಗೆ ನಮ್ಮಲ್ಲಿ ಅತಿ ಸಮೀಪವಾದುದು ಇದೇ. ಆದುದರಿಂದ ಪೋಲೀಸರು ಹುಡುಗನ ವಯಸ್ಸನ್ನು ಹೆಚ್ಚಾಗಿ ಬರೆದುಕೊಂಡಿದ್ದರೆ ಶಾಲೆಯ ದಾಖಲೆಯನ್ನು ಮೊದಲ ದಿನವೇ ಹಾಜರುಪಡಿಸಬೇಕು.

ಸತ್ಯವನ್ನು ಮುಚ್ಚಿಡಬಾರದು

ಖಟ್ಲೆ ಮುಗಿದ ಮೇಲೆಯೂ ಒಂದು ಕರ್ತವ್ಯ ಉಳಿಯುವದು. ಕೋರ್ಟಿನ ಆಜ್ಞೆಯ ಪ್ರಮಾಣಿತ ನಕಲನ್ನು ತೆಗೆಯಿಸಿ, ಹೊಲದ ಉತಾರದಷ್ಟೇ ಜೋಪಾನವಾಗಿ ಮನೆಯಲ್ಲಿ ಇಟ್ಟುಕೊಳ್ಳಬೇಕು. ಹತ್ತು ವರ್ಷಗಳ ಮೇಲೆ ಪೋಲೀಸ ತಪಾಸಣೆ ಬಂದಾಗ ನೆನಪು ಸಾಕ್ಷಿಯಾಗದು, ಕಾಗದವು ಸಾಕ್ಷಿಯಾಗುವದು. ಪರದೇಶಕ್ಕೆ ಹೋಗಬೇಕೆನ್ನುವವರಿಗೆ ಬಾಕಿಯಿರುವ ಖಟ್ಲೆಯೂ ಅಡ್ಡಿಯೇ. ೧೯೬೭ರ ಪಾಸ್‌ಪೋರ್ಟ್ ಕಾಯಿದೆಯಂತೆ ಅದು ಪಾಸ್‌ಪೋರ್ಟನ್ನು ನಿರಾಕರಿಸಲು ಒಂದು ಕಾರಣ. ಆದುದರಿಂದ ತಾರೀಖುಗಳನ್ನು ಮುಂದೆ ಮುಂದೆ ಹಾಕಿಸುತ್ತ ಹೋಗುವದು ಜಾಣತನವಲ್ಲ.

ನೌಕರಿಯ ಅರ್ಜಿಗಳಲ್ಲಿ “ಎಂದಾದರೂ ಖಟ್ಲೆ ದಾಖಲಾಗಿತ್ತೇ?” ಎಂದು ಕೇಳಿದ್ದರೆ, ಖುಲಾಸೆಯಾಗಿದ್ದರೂ “ಹೌದು, ಆಗಿತ್ತು, ಇಂಥ ದಿನ ಮುಗಿಯಿತು” ಎಂದೇ ಬರೆಯಬೇಕು. ೨೦೧೬ರಲ್ಲಿ ಅವತಾರಸಿಂಗರ ಖಟ್ಲೆಯಲ್ಲಿ ಸುಪ್ರೀಂ ಕೋರ್ಟು ಈ ವಿಷಯವನ್ನು ಕೂಲಂಕಷವಾಗಿ ವಿಚಾರಿಸಿ, ಎಳೆಯ ವಯಸ್ಸಿನ ಕ್ಷುಲ್ಲಕ ತಪ್ಪನ್ನು ಒಡೆಯನು ತನ್ನ ವಿವೇಚನೆಯಿಂದ ಕಡೆಗಣಿಸಬಹುದೆಂದು ಹೇಳಿದೆ. ಆದರೆ ಕೇಳಿದ ಸಂಗತಿಯನ್ನು ನಿಜವಾಗಿ ತಿಳಿಸುವದು ಅರ್ಜಿದಾರನ ಹೊಣೆಯೆಂದೂ ಸಾರಿದೆ. ಒಂದು ಏಟಿಗಿಂತ ಒಂದು ಸುಳ್ಳು ದೊಡ್ಡದಾಗಿ ಬೆಳೆಯುವದುಂಟು.

ಉಪಸಂಹಾರ

ಈಗ ನಮ್ಮ ದೃಷ್ಟಾಂತದ ತರುಣನ ಬಳಿಗೆ ತಿರುಗಿ ಬರೋಣ. ಅವನ ತಂದೆಯು ಅವಸರಪಡದೆ ಮುಂದಿನ ತಾರೀಖನ್ನು ಕೇಳಿಕೊಳ್ಳಲಿ. ಸಂಜೆ ಮಗನನ್ನು ಕರೆದುಕೊಂಡು ತಮ್ಮನ ಮನೆಗೆ ಹೋಗಲಿ. ಅಲ್ಲಿ ವಾದ ಮಾಡಬಾರದು. ನೀರಿನ ಪಾಳಿ ಯಾರದಿತ್ತೆಂಬ ಮಾತನ್ನೇ ಎತ್ತಬಾರದು. “ಕಾಕಾ, ನಿಮ್ಮ ಮ್ಯಾಲೆ ಕೈ ಮಾಡಿದ್ದು ನನ್ನ ತಪ್ಪು” ಎಂದು ಹುಡುಗನು ತಾನೇ ತನ್ನ ಬಾಯಿಂದ ಹೇಳಲಿ. ಔಷಧದ ಖರ್ಚು ಆಗಿದ್ದರೆ ಕೊಡಲಿ. ಕಾಕನು ಅಂದೇ ಕರಗದಿದ್ದರೆ ಮತ್ತೊಮ್ಮೆ ಹೋಗಲಿ. ಹೆದರಿಸಿ, ಜಾತಿಬಾಂಧವರಿಂದ ಒತ್ತಾಯಿಸಿ ಪಡೆದ ರಾಜಿಯು ರಾಜಿಯಲ್ಲ. ಮ್ಯಾಜಿಸ್ಟ್ರೇಟರು ಕೇಳುವ ಒಂದೇ ಪ್ರಶ್ನೆಗೆ ಅದು ಮುರಿದುಬೀಳುವದು. ನೊಂದವನಿಗೆ ಒಪ್ಪದೇ ಇರುವ ಹಕ್ಕೂ ಇದೆ. ಹಾಗೇನಾದರೂ ಆದರೆ ಪ್ರೊಬೇಶನ್ ಕಾಯಿದೆಯ ಬಾಗಿಲು ಇದ್ದೇ ಇದೆ; ಹುಡುಗನಿಗೆ ಇಪ್ಪತ್ತೊಂದು ತುಂಬಿಲ್ಲವೆಂಬುದನ್ನು ವಕೀಲರು ಕೋರ್ಟಿನ ಗಮನಕ್ಕೆ ತರಲಿ.

ಭೋಜ ಗ್ರಾಮದ ಹೆಸರು ದೂರದೇಶಗಳ ಜೈನರಿಗೂ ಗೊತ್ತಿರುವದು ಆಚಾರ್ಯ ಶಾಂತಿಸಾಗರರಿಂದ. ೧೮೭೨ರಲ್ಲಿ ಹುಟ್ಟಿ, ಭೋಜದ ಪಾಟೀಲ ಮನೆತನದ ಸಾತಗೌಡರಾಗಿ ಬೆಳೆದು, ದಿಗಂಬರ ಮುನಿಗಳಾಗಿ ದೇಶವನ್ನೆಲ್ಲ ಕಾಲ್ನಡೆಯಿಂದ ಸುತ್ತಿ, ೧೯೫೫ರಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದಿಂದ ದೇಹವನ್ನು ಬಿಟ್ಟ ಮಹಾತ್ಮರವರು. ಅವರ ಧರ್ಮದಲ್ಲಿ ದಶಲಕ್ಷಣಗಳ ಮೊದಲನೆಯದೇ ಉತ್ತಮ ಕ್ಷಮೆ. ವರ್ಷಕ್ಕೊಮ್ಮೆ ಭಾದ್ರಪದದ ಪರ್ವ ಮುಗಿದ ಮೇಲೆ ಜೈನ ಮನೆಗಳವರು ಒಬ್ಬರೊಬ್ಬರ ಬಳಿಗೆ ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ಪದ್ಧತಿ ಈ ನಾಡಿನಲ್ಲಿ ಇಂದಿಗೂ ಇದೆ. ಬೇಡುವವನು ಬಾಗಬೇಕು, ಕೊಡುವವನು ಮನಸ್ಸಾರೆ ಕೊಡಬೇಕು ಎಂಬುದೇ ಅದರ ಹುರುಳು. ರಾಜಿಯ ಅರ್ಜಿಯ ಮೇಲೆ ಮ್ಯಾಜಿಸ್ಟ್ರೇಟರು ಕೇಳುವದೂ ಅಷ್ಟನ್ನೇ.

ಮಗನ ಹೆಸರು ಕೋರ್ಟಿನ ದಫ್ತರದಲ್ಲಿ ಹೇಗೆ ಬ���ೆಯಲ್ಪಡಬೇಕೆಂಬುದು ಎಷ್ಟೋ ಸಲ ಕಾಕನ ಮನೆಯ ಪಡಸಾಲೆಯಲ್ಲಿ ನಿರ್ಧಾರವಾಗುವದು. ಆ ಪಡಸಾಲೆಗೆ ಹೋಗಲು ನಾಚಿಕೊಂಡು ದಂಡದ ಕಟಕಟೆಗೆ ಓಡಬೇಡಿರೆಂದು ನಮ್ಮ ಗೃಹಸ್ಥ ವಾಚಕರಲ್ಲಿ ನಮ್ಮ ವಿನಂತಿ.